ಪಗುಮೆಯ ಐದು ದಿನ

"ಇದರಲ್ಲಿ ಇನ್ನು ಜಾಗ ಇಲ್ಲ, ಎತಿಯೆ. ಅಳಿಸ್ಬೇಕು. ಅಳಿಸೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ," ಎಂದ ಬರಿಸೊ.

ಹಿರಿಯಳೆಂದು ಫಂತಾಯೆಯನ್ನು ಅವನು ಎತಿಯೆ, ಅಕ್ಕ, ಎಂದೇ ಕರೆಯುತ್ತಿದ್ದ. ಈಗ ಹೊಸ್ತಿಲಾಚೆಯೇ ನಿಂತಿದ್ದ. ಮಡಿಸಿದ ಬಿಳಿ ಕೋಲು ಕಂಕುಳಲ್ಲಿತ್ತು. ಚಾಚಿದ ಅಂಗೈಯ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಹಾಡು ಕೇಳುವ ಪ್ಲೇಯರ್ ಇತ್ತು. ಮೂಲೆಗಳಲ್ಲಿ ಬಣ್ಣ ಸವೆದಿತ್ತು. ಫಂತಾಯೆ ಬಾಗಿಲ ಎಡಕ್ಕೆ ನಿಂತಿದ್ದಳು. ಅವನ ಕೈ ಮಾತ್ರ ಬಾಗಿಲ ನಡುವಿಗೆ ಚಾಚಿತ್ತು.

ಆ ಪ್ಲೇಯರ್ ಅವಳಿಗೆ ಗೊತ್ತಿತ್ತು. ಒಂದು ವರ್ಷಕ್ಕೂ ಮೇಲೆ ಅದು ಪ್ರತಿ ಶನಿವಾರ ಈ ಮನೆಗೆ ಬಂದು ಭಾನುವಾರ ವಾಪಸು ಹೋಗುತ್ತಿತ್ತು. ಬರಿಸೊ ಕಾನೂನು ಓದುತ್ತಿದ್ದ. ಕಣ್ಣಿಲ್ಲದವರು ಬೆರಳಿನಿಂದ ಓದುವ ಅಕ್ಷರದಲ್ಲಿ ಅವನ ಪುಸ್ತಕಗಳು ಸಿಗುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಅವಳ ಗಂಡ ಅದ್ಮಾಸು ಸಂಜೆ ಹೊತ್ತು ಅವನ್ನು ಗಟ್ಟಿಯಾಗಿ ಓದಿ, ಶಾಲೆಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ದನಿ ಹಿಡಿದು, ವಾರಕ್ಕೊಮ್ಮೆ ಈ ಪ್ಲೇಯರಿಗೆ ತುಂಬಿ ಕಳಿಸುತ್ತಿದ್ದ. ಏಳು ತಿಂಗಳ ಹಿಂದೆ, ಹಿದಾರ್ ತಿಂಗಳಲ್ಲಿ, ಶಾಲೆಯಿಂದ ಬರುವ ದಾರಿಯಲ್ಲಿ ಅವನ ಸೈಕಲ್ಲಿಗೆ ಲಾರಿ ಬಡಿಯಿತು. ನಲವತ್ತು ದಿನ ಕಳೆದ ಮೇಲೆ ಶಾಲೆಯವರು ಬಂದು, ತಲೆ ತಗ್ಗಿಸಿಕೊಂಡೇ ಲ್ಯಾಪ್‌ಟಾಪ್ ಕೇಳಿದರು. ಅವಳು ಕೊಟ್ಟಳು. ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸ ಮೇಷ್ಟರಿಗೆ ಕೊಟ್ಟರೆಂದು ಆಮೇಲೆ ಯಾರೋ ಹೇಳಿದರು.

"ಎಷ್ಟಿದೆ ಅದರಲ್ಲಿ?" ಎಂದು ಕೇಳಿದಳು.

"ನೂರಾ ನಲವತ್ತು ಗಂಟೆ. ಒಂದೆರಡು ಆಚೀಚೆ."

"ಎಲ್ಲ ಅವರದ್ದೇನಾ?"

"ಎಲ್ಲ ಗಾಶೆ ಅದ್ಮಾಸು ಅವರದ್ದೇ. ನಿಮ್ದೂ ಸ್ವಲ್ಪ ಇದೆ."

"ನಂದಾ?"

"ಹಿಂದ್ಗಡೆಯಿಂದ." ಬರಿಸೊ ಮುಗುಳ್ನಕ್ಕ. "ಕಾಫಿ ಆರೋಗ್ತಿದೆ ಅಂತೀರ. ಕಿಟಕಿ ಹಾಕು ಅಂತೀರ. ಕರಾರುಗಳ ಅಧ್ಯಾಯದಲ್ಲಿ ಒಂದ್ಸಲ ಬೆಕ್ಕಿಗೆ ಬೈದಿದೀರ. ಪರೀಕ್ಷೆಯಲ್ಲಿ ಆ ಪ್ರಶ್ನೇನೇ ಬಂತು. ಮೊದಲು ಬೆಕ್ಕು ನೆನಪಾಯ್ತು, ಆಮೇಲೆ ಉತ್ತರ."

ಅವಳು ನಗಲಿಲ್ಲ. ಏಳು ತಿಂಗಳಿಂದ ಯಾವುದಕ್ಕೂ ಅವಳ ಉತ್ತರ ಬೇಗ ಬರುತ್ತಿರಲಿಲ್ಲ. ಮಾತು ಒಳಗೆ ಎಲ್ಲೋ ಬಿದ್ದು, ತಳ ಮುಟ್ಟಿದ ಸದ್ದೂ ಕೇಳಿಸದಂತೆ ಆಗುತ್ತಿತ್ತು. ಗಂಡನ ಫೋಟೋಗಳಿದ್ದವು, ಕೋಟು ಇತ್ತು, ಪಾಸ್ ಪುಸ್ತಕದಲ್ಲಿ ಸಹಿ ಇತ್ತು. ದನಿ ಎಲ್ಲೂ ಇರಲಿಲ್ಲ. ಫೋನು ಲಾರಿಯ ಕೆಳಗೆ ಹೋಗಿತ್ತು. ಈಚೆಗೆ ಆ ದನಿ ಹೇಗಿತ್ತೆಂದು ನೆನೆಯಲು ಹೋದರೆ ಅವನ ತಮ್ಮನ ದನಿ ಬಂದು ಅಡ್ಡ ನಿಲ್ಲುತ್ತಿತ್ತು.

"ಯಾವಾಗ ಅಳಿಸ್ಬೇಕು?"

"ಸೋಮವಾರ ಹೊಸಬರು ಓದೋಕೆ ಶುರು ಮಾಡ್ತಾರೆ. ನನ್ನ ಕಡೇ ವರ್ಷದ ಪುಸ್ತಕಗಳು. ಇನ್ನೊಂದು ಪ್ಲೇಯರ್ ಕೊಡಿ ಅಂತ ಆಫೀಸಲ್ಲಿ ಕೇಳ್ದೆ. ಇಲ್ವಂತೆ."

ಅಂದು ಶುಕ್ರವಾರ. ಫಂತಾಯೆ ಒಳಗೆ ಹೋಗಿ, ಕಪ್ಪು ಉಡುಪಿನ ಮೇಲೆ ಶಾಲು ಹೊದ್ದು ಬಂದಳು.

"ಕೆದಿರ್ ಅಂಗಡಿಗೆ ಹೋಗೋಣ," ಎಂದಳು. "ಅಳಿಸೋ ಮುಂಚೆ ತೆಗೆದಿಟ್ಕೋತೀನಿ."

ವಠಾರದ ಅಂಗಳದಲ್ಲಿ ಎತಿಯೆ ಬೆಲೈನೆಶ್ ಮೊರದಲ್ಲಿ ಮಸೂರಬೇಳೆ ಆರಿಸುತ್ತ ಕುಳಿತಿದ್ದಳು. ಪಕ್ಕದ ಮನೆಯವಳು, ಎಪ್ಪತ್ತರ ಹತ್ತಿರದ ಮುದುಕಿ. ಅದ್ಮಾಸು ಸತ್ತ ದಿನದಿಂದ ಫಂತಾಯೆಯ ಒಲೆ, ಉಡುಪು, ಊಟ ಎಲ್ಲದರ ಮೇಲೂ ಅವಳದೊಂದು ಕಣ್ಣು.

"ಎಲ್ಲಿಗೆ ಮಗಳೇ? ಮೋಡ ಕವಿದಿದೆ. ಅದೇನದು ಅವನ ಕೈಯಲ್ಲಿ, ಹಾಡಿನ ಪೆಟ್ಟಿಗೆಯಾ?"

"ಪಾಠ, ಎತಿಯೆ. ಹಾಡಲ್ಲ."

"ಕಿವಿಗೆ ದಾರ ಸಿಕ್ಕಿಸ್ಕೊಂಡು ಓಡಾಡಿದ್ರೆ ನೋಡೋರಿಗೆ ಪಾಠ ಯಾವ್ದು ಹಾಡು ಯಾವ್ದು ಗೊತ್ತಾಗುತ್ತಾ? ವರ್ಷ ತುಂಬ್ಲಿ ಮಗಳೇ. ಆಮೇಲೆ ಹಾಡಾದ್ರೂ ಕೇಳು, ಕುಣಿದಾದ್ರೂ ಕುಣಿ, ನಾನು ಬೇಡ ಅನ್ನಲ್ಲ."

ಕೆದಿರನ ಅಂಗಡಿ ಮೀನು ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿತ್ತು. ಮದುವೆಯ ವಿಡಿಯೋ ಜೋಡಿಸುವುದು, ಫೋನಿಗೆ ಹಾಡು ತುಂಬುವುದು, ಕೆಟ್ಟ ಚಾರ್ಜರ್ ರಿಪೇರಿ ಮಾಡುವುದು ಅವನ ಕಸುಬು. ಫಂತಾಯೆಯನ್ನು ಕಂಡು ಅವನು ಜೋರಾಗಿದ್ದ ಹಾಡನ್ನು ನಿಲ್ಲಿಸಿ, ಎದ್ದು, ಎರಡು ಕೈಯಲ್ಲೂ ಅವಳ ಕೈ ಹಿಡಿದ.

"ಬನ್ನಿ, ಕೂತ್ಕೊಳಿ. ಬರಿಸೊ, ನೀನು ಆ ಸ್ಟೂಲ್ ಮೇಲೆ. ಬಲಗಡೆ ಕಾಲು ಸರಿ ಇಲ್ಲ ಅದಕ್ಕೆ, ವಕೀಲನಾದ ಮೇಲೆ ನನ್ನ ಮೇಲೆ ಕೇಸು ಹಾಕ್ಬೇಡ."

"ಈಗ ತಿಳಿಸಿದೀಯಲ್ಲ, ಇನ್ನು ಬಿದ್ರೆ ತಪ್ಪು ನಂದೇ," ಎಂದು ಬರಿಸೊ ಎಡಕ್ಕೆ ವಾಲಿ ಕುಳಿತ.

ಕೆದಿರ್ ಪ್ಲೇಯರನ್ನು ವೈರಿಗೆ ಸಿಕ್ಕಿಸಿದ. ಕಂಪ್ಯೂಟರಿಗೆ ಅದು ಕಾಣಲಿಲ್ಲ. ವೈರನ್ನು ತೆಗೆದು ಊದಿ ಮತ್ತೆ ಸಿಕ್ಕಿಸಿದ. ಇನ್ನೊಂದು ವೈರು ತಂದ. ಮೂರನೆಯದನ್ನು ಒಂದು ಕೋನದಲ್ಲಿ ಬಗ್ಗಿಸಿ, ಅದರ ಮೇಲೆ ಕತ್ತರಿ ಹೇರಿ ಇಟ್ಟಾಗ 'ಟಿಣ್' ಎಂದಿತು.

"ಬಂತು. ಯಾರೂ ಸೀನಬೇಡಿ."

ಪ್ಲೇಯರ್ ಮಾಡಿದ ಕಂಪನಿಯದೇ ಒಂದು ಪ್ರೋಗ್ರಾಮಿತ್ತು. ಅದನ್ನು ತೆರೆದರೆ ಈ ಪ್ಲೇಯರ್ ಬೇರೊಂದು ಕಂಪ್ಯೂಟರಿಗೆ ಸೇರಿದ್ದು, ಇಲ್ಲಿಗೆ ಸೇರಿಸಬೇಕಾದರೆ ಒಳಗಿನದನ್ನೆಲ್ಲ ಅಳಿಸಬೇಕು ಎಂದು ಹೇಳಿತು. ಕೆದಿರ್ ಬೇಡ ಎಂದ. ಅದು ಮತ್ತೆ ಅದನ್ನೇ ಕೇಳಿತು. ಮತ್ತೆ ಬೇಡ ಎಂದ. ಮೂರನೆಯ ಸಲ ಅದು ಕೇಳುವುದನ್ನೂ ಬಿಟ್ಟು ತಾನೇ ಮುಚ್ಚಿಕೊಂಡಿತು.

"ನೋಡಿ, ಹೀಗೇ ಇದು. ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಹಾಡು ಕಳ್ಳತನ ಆಗ್ಬಾರ್ದು ಅಂತ ಹೀಗೆ ಮಾಡಿಟ್ಟವ್ರೆ. ಗಂಡನ ದನಿ ಕದಿಯೋ ಹೆಂಡ್ತಿ ಇರ್ತಾಳೆ ಅಂತ ಅವರಿಗೇನು ಗೊತ್ತು." ತಾನೇ ಆಡಿದ ಮಾತಿಗೆ ನಾಲಗೆ ಕಚ್ಚಿಕೊಂಡು, "ಇರಿ, ಬಾತುಕೋಳಿ ಇದೆ," ಎಂದ.

ಬಾತುಕೋಳಿ ಎಂದರೆ ಬೇರೆ ಯಾರೋ ಮಾಡಿ ಪುಕ್ಕಟೆ ಹಂಚಿದ ಪ್ರೋಗ್ರಾಮು. ತೆರೆದರೆ ಮೂಲೆಯಲ್ಲಿ ಹಳದಿ ಬಾತುಕೋಳಿಯೊಂದು ಈಜುತ್ತಿತ್ತು. ಅದ್ಮಾಸುವಿಗೂ ಅದನ್ನು ಹಾಕಿಕೊಟ್ಟವನು ಕೆದಿರನೇ. ಅದಕ್ಕೆ ಅಮ್ಹಾರಿಕ್ ಅಕ್ಷರ ತಿಳಿಯುತ್ತಿರಲಿಲ್ಲ, ಹೆಸರು ಬರೆದರೆ ಖಾಲಿ ಚೌಕಗಳ ಸಾಲು ಮಾಡುತ್ತಿತ್ತು. ಅದಕ್ಕೆಂದೇ ಅದ್ಮಾಸು ಪ್ರತಿ ಓದಿಗೂ ಅಂಕಿಯಲ್ಲಿ ಹೆಸರಿಟ್ಟಿದ್ದ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಪರದೆಯ ಮೇಲೆ ಆ ಅಂಕಿಗಳು ಸಾಲಾಗಿ ಇಳಿದು ಬಂದವು. ಎರಡು ಸಾವಿರದ ಒಂದು, ಮೊದಲ ತಿಂಗಳು, ಮೂರನೆಯ ದಿನ. ಐದನೆಯ ದಿನ. ಆರನೆಯ ದಿನ. ಫಂತಾಯೆ ಮುಂದಕ್ಕೆ ಬಾಗಿದಳು. ಅವನು ಎಷ್ಟು ಸಂಜೆ ಓದಿದ್ದನೆಂದು ಅವಳು ಎಣಿಸಿರಲಿಲ್ಲ.

"ಇದಾವೆ," ಎಂದಳು.

"ಇದಾವೆ. ಈಗ ಇದನ್ನೆಲ್ಲ ಈಕಡೆ ಎಳ್ಕೊಂಡ್ರೆ ಆಯ್ತು. ಒಂದು ಗಂಟೆ ಕೆಲಸ. ಕಾಫಿ ತರಿಸ್ಲಾ?"

ಅಷ್ಟರಲ್ಲಿ ಬಾತುಕೋಳಿ ಈಜು ನಿಲ್ಲಿಸಿತು. ಒಂದು ಚಿಕ್ಕ ಕಿಟಕಿ ತೆರೆದುಕೊಂಡಿತು. ಕೆದಿರನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಫಂತಾಯೆಯೇ ಓದಿದಳು. ಪ್ಲೇಯರಿನ ತಾರೀಕಿಗೂ ಕಂಪ್ಯೂಟರಿನ ತಾರೀಕಿಗೂ ಹೊಂದುತ್ತಿಲ್ಲ. ಸರಿಪಡಿಸಬೇಕೆ?

"ಅದ್ಮಾಸು ಕೆಲಸ ಇದು," ಎಂದ ಕೆದಿರ್. "ಎಷ್ಟು ಸಲ ಹೇಳ್ದೆ. ಹೊರಗಿನವರಿಗೆ ಈಗ ಎರಡು ಸಾವಿರದ ಹತ್ತು ಕಣಯ್ಯ, ನಮಗೆ ಎರಡು ಸಾವಿರದ ಎರಡು. ಈ ಪೆಟ್ಟಿಗೆಗಳಿಗೆ ಅವರ ಲೆಕ್ಕಾನೇ ಹಾಕು, ನಮ್ಮದು ಹಾಕಿದ್ರೆ ತಲೆ ಕೆಡುತ್ತೆ ಅವಕ್ಕೆ ಅಂತ. ಕೇಳ್ಬೇಕಲ್ಲ. ನನ್ನ ಮನೇಲಿ ಕೂತ್ಕೊಂಡು ನನ್ನ ವರ್ಷ ಹೇಳಕ್ಕೇನು ರೋಗ ಇದಕ್ಕೆ ಅಂತಿದ್ದ."

ಅವಳ ಬಾಯಿಯ ಮೂಲೆ ಸ್ವಲ್ಪ ಸಡಿಲಾಯಿತು. ಅದು ಅವನದೇ ಮಾತು.

"ಏನು ಮಾಡ್ಲಿ?" ಕೆದಿರ್ ಅವಳ ಮುಖ ನೋಡಿದ. "ಸರಿ ಮಾಡದೇ ಇದ್ರೆ ಮುಂದಕ್ಕೆ ಹೋಗಲ್ಲ ಅನ್ಸುತ್ತೆ."

ಫಂತಾಯೆ ರಸಾಯನಶಾಸ್ತ್ರ ಓದಿದವಳು. ಶೀಸೆಯ ಮೇಲಿನ ಚೀಟಿ ತಪ್ಪಿದ್ದರೆ ಮೊದಲು ಚೀಟಿ ಸರಿಮಾಡಬೇಕೆಂದು ಮಕ್ಕಳಿಗೆ ಕಲಿಸುವವಳು.

"ಸರಿ ಮಾಡಿ," ಎಂದಳು.

ಕೆದಿರ್ ಒತ್ತಿದ. ಬಾತುಕೋಳಿ ಮತ್ತೆ ಈಜತೊಡಗಿತು. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಸರ್ರನೆ ಓಡಿ ತುದಿ ಮುಟ್ಟಿತು. ಒಂದು ಗಂಟೆ ಎಂದಿದ್ದವನು ಅರ್ಧ ನಿಮಿಷದಲ್ಲಿ ಮುಗಿದದ್ದನ್ನು ನೋಡಿ ಕತ್ತರಿಯ ಮೇಲೆ ಕೈ ಇಟ್ಟ. ಪರದೆಯಲ್ಲಿ ಅಂಕಿಗಳ ಸಾಲು ಇರಲಿಲ್ಲ. ತಿಂಗಳುಗಳ ಫೋಲ್ಡರುಗಳು ಹಾಗೇ ಇದ್ದವು. ಒಂದನ್ನು ತೆರೆದ, ಖಾಲಿ. ಇನ್ನೊಂದು, ಖಾಲಿ.

"ಏನಾಯ್ತು?" ಎಂದ ಬರಿಸೊ. ಕೆದಿರ್ ಮೂರನೆಯದನ್ನು ತೆರೆದ. "ಕೆದಿರ್, ಏನಾಯ್ತು ಹೇಳು."

ಕೆದಿರ್ ಅಲ್ಲಿ ಇಲ್ಲಿ ಒತ್ತುತ್ತ, ಬೆವರುತ್ತ, ಕೊನೆಗೆ ಒಂದು ಪುಟ ಹುಡುಕಿ ಅವಳ ಕಡೆ ತಿರುಗಿಸಿದ. ಅವಳು ಓದಿದಳು. ಅದ್ಮಾಸು ಪ್ಲೇಯರಿನೊಳಗೆ ಒಂದು ನಿಯಮ ಬರೆದಿಟ್ಟಿದ್ದ. ಬರಿಸೊ ಕೇಳಿ ಮುಗಿಸಿದ್ದು ಎರಡು ವರ್ಷ ಹಳೆಯದಾದರೆ ತಾನಾಗಿಯೇ ಅಳಿಸಿಹೋಗಿ ಹೊಸ ಓದಿಗೆ ಜಾಗವಾಗಬೇಕು ಎಂದು. ಬಾತುಕೋಳಿ ವಯಸ್ಸು ಎಣಿಸುವುದು ಹೆಸರಿನ ಅಂಕಿಯಿಂದ, ಅವನ ಓದುಗಳ ಹೆಸರಲ್ಲಿದ್ದ ವರ್ಷ ಎರಡು ಸಾವಿರದ ಒಂದು, ಎರಡು. ತಾರೀಕು ಸರಿಯಾದ ಕ್ಷಣಕ್ಕೆ ಅವೆಲ್ಲಕ್ಕೂ ಎಂಟು ವರ್ಷ ವಯಸ್ಸಾಗಿತ್ತು.

ಅವಳು ಅದನ್ನು ಬರಿಸೊನಿಗೆ ವಿವರಿಸಿದಳು. ತರಗತಿಯಲ್ಲಿ ಹೇಳುವಂತೆ, ಒಂದೊಂದೇ ಹೆಜ್ಜೆ. ಕೊನೆಯಲ್ಲಿ, "ಸರಿ ಮಾಡು ಅಂದವಳು ನಾನೇ," ಎಂದಳು.

"ಒತ್ತಿದವನು ನಾನು," ಎಂದ ಕೆದಿರ್. "ವಲ್ಲಾಹಿ, ಈ ಕೈ ಮುರಿದು ಹೋಗ್ಲಿ."

"ಕೈ ಮುರ್ಕೊಂಡು ಏನ್ಮಾಡ್ತೀಯ. ಅದನ್ನ ಇಲ್ಲಿ ಕೊಡು," ಎಂದ ಬರಿಸೊ.

ಪ್ಲೇಯರ್ ಅವನ ಅಂಗೈಗೆ ಬಂತು. ಒಂದು ಕಿವಿಗೆ ಮಾತ್ರ ವೈರು ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದ ಗುಂಡಿ ಒತ್ತುತ್ತ ಹೋದ. ಅವನಿಗೆ ಪರದೆ ಬೇಕಿರಲಿಲ್ಲ. ಎಷ್ಟು ಒತ್ತಿದರೆ ಯಾವ ತಿಂಗಳು ಎಂಬುದು ಬೆರಳಿಗೇ ಗೊತ್ತಿತ್ತು.

"ಮೆಸ್ಕೆರಮ್, ಇಲ್ಲ. ತಿಕಿಮ್ತ್, ಇಲ್ಲ." ಪ್ರತಿ ತಿಂಗಳಿಗೂ ತುಸು ಕಾಯುತ್ತಿದ್ದ. ಫಂತಾಯೆ ರಸ್ತೆಯ ಕಡೆ ನೋಡುತ್ತ ಕುಳಿತಳು. ಎದುರಿನ ದೀಪದ ಕಂಬದ ಮೇಲೆ ಬೋಳುತಲೆಯ ಮಾರಾಬು ಕೊಕ್ಕರೆ ಹೆಗಲು ಕುಗ್ಗಿಸಿ ನಿಂತಿತ್ತು. "ಸೆನೆ, ಇಲ್ಲ. ಹಮ್ಲೆ, ಇಲ್ಲ. ನೆಹಸೆ, ಇಲ್ಲ."

ಅವನ ಬೆರಳು ನಿಂತಿತು.

"ಪಗುಮೆ ಇದೆ," ಎಂದ.

ಕೆದಿರ್ ಹತ್ತಿರ ಬಂದ. "ಏನು?"

"ಪಗುಮೆ. ಐದೂ ದಿನದ್ದು ಇದೆ. ಓದ್ತಾ ಇದಾರೆ." ಮತ್ತೆ ಮೂರು ಸಲ ಒತ್ತಿ, "ಅಲ್ಲಿಂದ ಮುಂದೆ ಇಲ್ಲ," ಎಂದ.

ಕೆದಿರ್ ತಲೆ ಕೆರೆದುಕೊಂಡು ಯೋಚಿಸಿದ. ಆಮೇಲೆ ನಗು ಬಂದುಬಿಟ್ಟಿತು, ಅದನ್ನು ಅಂಗೈಯಿಂದ ಒರೆಸಿಕೊಂಡ. "ನಮ್ಮ ಹದಿಮೂರನೇ ತಿಂಗಳು, ವರ್ಷದ ಕೊನೆಗೆ ಬರೋ ಐದೇ ದಿನದ್ದು. ಬಾತುಕೋಳಿ ಲೆಕ್ಕದಲ್ಲಿ ಹನ್ನೆರಡೇ ಇರೋದು. ಹದಿಮೂರು ಅಂದ್ರೆ ಅದಕ್ಕೆ ತಾರೀಕೇ ಅಲ್ಲ. ತಾರೀಕೇ ಅಲ್ಲ ಅಂದ್ಮೇಲೆ ವಯಸ್ಸು ಹೇಗೆ ಎಣಿಸುತ್ತೆ? ಹಾಗೇ ಬಿಟ್ಟಿದೆ."

"ಹಾಗಾದ್ರೆ ಅದನ್ನಾದ್ರೂ ತೆಗಿ."

ಕೆದಿರ್ ಕತ್ತರಿ, ವೈರು, ಬಾತುಕೋಳಿ ಎಲ್ಲ ಮತ್ತೆ ಹೂಡಿದ. ಬಾತುಕೋಳಿ ಆ ಐದನ್ನು ಕಂಡೂ ಕಾಣದಂತೆ ಈಜಿತು. ಪ್ಲೇಯರಿನಲ್ಲಿ ತನಗೆ ತಿಳಿಯದ ಏನೋ ಸಿಕ್ಕಿಕೊಂಡಿದೆ, ಖಾಲಿ ಮಾಡಿ ಸ್ವಚ್ಛಗೊಳಿಸಲೆ ಎಂದು ಕೇಳಿತು. ಕೆದಿರ್ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತ.

"ಇನ್ನು ನಾನು ಇದನ್ನ ಮುಟ್ಟಲ್ಲ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ," ಎಂದ. ವೈರು ಸುತ್ತಿಡುತ್ತ, "ಮನೇಲಿ ಹಳೇ ಟೇಪ್ ರೆಕಾರ್ಡರ್ ಇದೆಯಾ, ಎತಿಯೆ?"

"ರೇಡಿಯೋ ಜೊತೆಗಿರೋದು ಇದೆ. ವೈರು ಹಾಕೋ ತೂತು ಇಲ್ಲ ಅದರಲ್ಲಿ. ಬರೀ ಮೈಕು."

"ಸಾಕು. ಈ ಚಿಕ್ಕ ಸ್ಪೀಕರ್ ತಗೊಂಡೋಗಿ. ಇದರಲ್ಲಿ ಅವನು ಓದ್ಲಿ, ಅದು ಕೇಳಿಸ್ಕೊಳ್ಲಿ. ನಡುವೆ ಯಾವ ಪ್ರೋಗ್ರಾಮೂ ಬೇಡ. ಓದು ಮುಗಿಯೋವರೆಗೂ ಯಾರೂ ಉಸಿರು ಬಿಡ್ಬಾರ್ದು, ಅಷ್ಟೇ."

ಬರಿಸೊ ಪ್ಲೇಯರನ್ನು ಅವಳ ಕಡೆ ಚಾಚಿದ, ಈ ಸಲ ಸರಿಯಾಗಿ ಅವಳ ಕೈಗೇ. "ಸೋಮವಾರ ಬೆಳಿಗ್ಗೆ ಬಂದು ತಗೋತೀನಿ. ಅಲ್ಲೀವರೆಗೂ ನಿಮ್ಮ ಹತ್ರ ಇರ್ಲಿ."

ದಾರಿಯಲ್ಲಿ ಅವನು ಅವಳ ಮೊಳಕೈ ಹಿಡಿದು ನಡೆದ. ಬಜಾಜ್ ಆಟೋಗಳು ಕೆಸರು ಹಾರಿಸುತ್ತ ಹೋದವು. ತಿರುವಿನಲ್ಲಿ ನಿಂತು, "ಒಂದು ಮಾತು ಹೇಳ್ಬಿಡ್ತೀನಿ, ಎತಿಯೆ. ಪಗುಮೇದರಲ್ಲಿ ನೀವಿಲ್ಲ," ಎಂದ.

"ಗೊತ್ತು," ಎಂದಳು ಫಂತಾಯೆ.

ಆ ಐದು ದಿನ ಅವಳು ಇರ್ಗಾಲೆಮ್‌ನಲ್ಲಿ ತಾಯಿಯ ಮನೆಯಲ್ಲಿದ್ದಳು. ಪಗುಮೆಯ ಮೊದಲ ದಿನ ಬೆಳಿಗ್ಗೆ ಜಗಳವಾಡಿ ಹೋಗಿದ್ದಳು. 'ನಿನ್ನ ಮಾತೆಲ್ಲ ಆ ಪೆಟ್ಟಿಗೆಗೇ ಮುಗಿದುಹೋಗುತ್ತೆ. ನನಗೆ ಮಿಕ್ಕೋದು ಹ್ಞೂಂ, ಉಹ್ಞೂಂ' ಎಂದಿದ್ದಳು. ಅವನು ತಡೆಯಲಿಲ್ಲ. ಬ್ಯಾಗನ್ನು ಬಸ್ಸಿನವರೆಗೆ ಹೊತ್ತು ತಂದು ಕೊಟ್ಟ. ಐದು ದಿನದಲ್ಲಿ ಒಂದು ಸಲವೂ ಫೋನ್ ಮಾಡಲಿಲ್ಲ. ಹೊಸ ವರ್ಷದ ಬೆಳಿಗ್ಗೆ ಅವಳಾಗಿಯೇ ಹಿಂದಿರುಗಿದಾಗ, 'ಬಂದ್ಯಾ' ಎಂದು ಕಾಫಿಗೆ ನೀರಿಟ್ಟ. ಆಮೇಲೆ ಅವನು ಬದುಕಿದ್ದದ್ದು ಎರಡು ತಿಂಗಳು ಚಿಲ್ಲರೆ. ಅಷ್ಟರಲ್ಲಿ ಆ ಜಗಳದ ಮಾತು ಮತ್ತೆ ಬರಲಿಲ್ಲ. ತಾನಿಲ್ಲದ್ದು ಅವನಿಗೆ ಗೊತ್ತೇ ಆಗಿರಲಿಲ್ಲವೇನೋ ಎಂದು ಅವಳಿಗೆ ಅನ್ನಿಸಿತ್ತು. ಈಗಲೂ ಅನ್ನಿಸುತ್ತಿತ್ತು. ನೂರಾ ನಲವತ್ತು ಗಂಟೆಯಲ್ಲಿ ಉಳಿಯಬೇಕಾದದ್ದು ಇದೇ ಆಗಬೇಕಿತ್ತೆ?

ಶನಿವಾರ ಶಾಲೆಯಿಂದ ಬಂದವಳೇ ರೇಡಿಯೋದ ಮೇಲಿನ ಬಟ್ಟೆ ತೆಗೆದಳು. ಮೂರು ಹಳೆಯ ಕ್ಯಾಸೆಟ್ಟು ಹುಡುಕಿ, ಹಳೆಯದರ ಮೇಲೆ ಹೊಸ ದನಿ ಹಿಡಿಯಲು ಬರುವಂತೆ ಅವುಗಳ ಬೆನ್ನಿನ ತೂತಿಗೆ ಕಾಗದ ಅಂಟಿಸಿದಳು. ಸ್ಪೀಕರನ್ನು ಮೈಕಿನ ಎದುರಿಟ್ಟು, ಎರಡರ ಕೆಳಗೂ ಮಡಿಸಿದ ಟವೆಲ್ ಹಾಕಿದಳು. ಮೊದಲ ದಿನದ ಓದನ್ನು ಹಚ್ಚಿದ್ದೇ ತಡ, ಮಳೆ ಬಂತು. ತಗಡಿನ ಮಾಡಿನ ಮೇಲೆ ಜಲ್ಲಿಕಲ್ಲು ಸುರಿದಂತಹ ಮಳೆ. ಮಳೆ ನಿಂತ ಮೇಲೆ ಮತ್ತೆ ಹಚ್ಚಿದಳು. ಅಂಗಳದ ಮಕ್ಕಳು ನೀರಿಗಿಳಿದು ಕಿರುಚಿದರು. ಮತ್ತೆ ನಿಲ್ಲಿಸಿ, ಮತ್ತೆ ಹಚ್ಚಿದಳು. ಹತ್ತು ನಿಮಿಷ ಸುಸೂತ್ರವಾಗಿ ಹೋಯಿತು. ಅವಳು ಮಾತುಗಳನ್ನು ಕೇಳಲಿಲ್ಲ, ದನಿಯನ್ನು ಮಾತ್ರ ಕೇಳಿದಳು. ತಮ್ಮನ ದನಿಯಂತೆ ಇರಲೇ ಇಲ್ಲ. ಇನ್ನೂ ಕೆಳಗಿನದು, ತುಸು ಧೂಳು ಹಿಡಿದಂಥದ್ದು.

ಬಾಗಿಲು ಧಡಾರನೆ ತೆರೆಯಿತು.

"ಏನಿದು ಫಂತಾಯೆ? ರೇಡಿಯೋ ಹಾಕಿದೀಯಾ? ನಾನು ನೂರು ಸಲ—" ಬೆಲೈನೆಶ್ ಅಷ್ಟಕ್ಕೇ ನಿಂತಳು. ಮೇಜಿನ ಮೇಲಿಂದ ಅದ್ಮಾಸು, ದಾವೆಯ ಪ್ರತಿಯನ್ನು ಎದುರು ಕಕ್ಷಿಗೆ ಹೇಗೆ ತಲುಪಿಸಬೇಕೆಂದು ಓದುತ್ತಿದ್ದ. ಮುದುಕಿ ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಮಂಚದ ಅಂಚಿನಲ್ಲಿ ಕುಳಿತಳು. ಬಹಳ ಹೊತ್ತು ಕೇಳಿದಳು.

"ಎಷ್ಟು ಮೆತ್ತಗೆ ಓದ್ತಾನೆ ಕಣೇ," ಎಂದಳು ಕೊನೆಗೆ.

ಫಂತಾಯೆ ಟೇಪ್ ನಿಲ್ಲಿಸಿದಳು. "ಎತಿಯೆ, ಇದರಲ್ಲಿ ಈಗ ನಿಮ್ಮ ದನೀನೂ ಸೇರ್ಕೊಳ್ತು. ಮೊದಲಿಂದ ಹಿಡೀಬೇಕು. ಇವತ್ತು ಆಗಲ್ಲ, ನಾಳೆ ಒಂದೇ ದಿನ ಇರೋದು ನನಗೆ." ಏಳು ತಿಂಗಳಲ್ಲಿ ಅವಳು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಬೆಲೈನೆಶ್ ಮೂಗೊರೆಸಿಕೊಂಡು ಎದ್ದಳು. "ಎಷ್ಟು ಹೊತ್ತು ಬೇಕು?"

"ಮೂರು ಗಂಟೆ."

"ನಾಳೆ ಪೂಜೆ ಮುಗಿಯೋದೇ ಅಷ್ಟೊತ್ತಾಗುತ್ತೆ. ಈ ವಠಾರದಲ್ಲಿ ಒಂದು ನರಪಿಳ್ಳೆ ಇರದ ಹಾಗೆ ಎಲ್ಲರನ್ನೂ ಚರ್ಚಿಗೆ ಎಳ್ಕೊಂಡು ಹೋಗ್ತೀನಿ. ಆ ಕುಡುಕ ಟೈಲರನ್ನೂ ಬಿಡಲ್ಲ. ನೀನು ಬರಲಿಲ್ಲ ಅಂತ ದೇವರು ಕೇಳಿದ್ರೆ ನಾನು ಹೇಳ್ಕೋತೀನಿ."

ಭಾನುವಾರ ಬೆಳಿಗ್ಗೆ ಬಿಳಿ ಶಾಲುಗಳ ಸಾಲು ಹೊರಟುಹೋಯಿತು. ಟೈಲರ್ ಗೊಣಗುತ್ತ ಹಿಂದಿನಿಂದ ನಡೆದ. ವಠಾರ ನಿಶ್ಶಬ್ದವಾಯಿತು. ಆಕಾಶ ಬಿಳುಪಾಗಿತ್ತು, ಮಳೆಯ ಲಕ್ಷಣವಿರಲಿಲ್ಲ. ಫಂತಾಯೆ ಚಪ್ಪಲಿ ಬಿಚ್ಚಿ, ಗಡಿಯಾರವನ್ನು ದಿಂಬಿನ ಕೆಳಗಿಟ್ಟು, ಬೆಕ್ಕನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದಳು. ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದಳು.

ಅದ್ಮಾಸು ಗಂಟಲು ಸರಿಮಾಡಿಕೊಂಡ. ಪುಸ್ತಕದ ಹೆಸರು, ಪುಟ, ಪಗುಮೆ ಒಂದು ಎಂದ. ಓದತೊಡಗಿದ.

ಮನೆ ನಿಜಕ್ಕೂ ಖಾಲಿಯಿತ್ತು. ಅವನ ಹಿಂದೆ ಪಾತ್ರೆಯ ಸದ್ದಿಲ್ಲ, ಯಾರ ಮಾತೂ ಇಲ್ಲ. ಪುಟ ಮಗುಚುವುದು ಕೇಳಿಸುತ್ತಿತ್ತು. ಇಪ್ಪತ್ತು ನಿಮಿಷವಾಗಿರಬೇಕು, ಹೊರಗೆ ತಗಡಿನ ಗೇಟು ಬಡಿಯಿತು. ವಠಾರದ ಗೇಟು ಮುಚ್ಚುವಾಗ ಎರಡು ಸಲ ಬಡಿಯುತ್ತದೆ, ಒಂದು ಜೋರಾಗಿ, ಒಂದು ಮೆಲ್ಲಗೆ. ಯಾರೋ ಚರ್ಚಿನಿಂದ ಬೇಗ ಬಂದರೆಂದು ಫಂತಾಯೆ ಹಲ್ಲು ಕಚ್ಚಿ ಕಿಟಕಿಯ ಕಡೆ ತಿರುಗಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಗೇಟು ಹಾಕಿದ್ದದ್ದು ಹಾಕಿದಂತೆಯೇ ಇತ್ತು. ಅಷ್ಟರಲ್ಲಿ ಮೇಜಿನ ಮೇಲೆ ಓದು ವಾಕ್ಯದ ನಡುವೆ ನಿಂತಿತು. ಕುರ್ಚಿ ಹಿಂದಕ್ಕೆ ಸರಿಯಿತು. ಚಪ್ಪಲಿಯ ಸದ್ದು ಬಾಗಿಲವರೆಗೆ ಹೋಯಿತು. ಚಿಲಕ. ಆಮೇಲೆ ಏನೂ ಇಲ್ಲ. ದೂರದಲ್ಲಿ, ಬಾಗಿಲಾಚೆ, ಟೈಲರನ ಕೆಮ್ಮು. ಮತ್ತೆ ಚಿಲಕ, ಚಪ್ಪಲಿ, ಕುರ್ಚಿ. ಅದ್ಮಾಸು ಅದೇ ವಾಕ್ಯವನ್ನು ಮೊದಲಿನಿಂದ ಓದಿದ.

ಮಾಮೂಲು ದಿನಗಳಲ್ಲಿ ಗೇಟು ಎಷ್ಟೇ ಬಡಿದರೂ ಅವನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಯಾರು ಬಂದರೆಂದು ನೋಡಬೇಕಾದವಳು ಅವಳೇ.

ಎರಡನೆಯ ದಿನದ ಓದಿನಲ್ಲಿ ಅವನು ಎರಡು ಸಲ ಎದ್ದ. ಮೂರನೆಯ ದಿನ ಮೂರು ಸಲ, ಅದರಲ್ಲೊಮ್ಮೆ ಹೊರಗೆ ಹೋಗಿ ಯಾರನ್ನೋ, "ಇರ್ಗಾಲೆಮ್ ಬಸ್ಸು ಬಂತಾ?" ಎಂದು ಕೇಳಿದ. ಏನು ಉತ್ತರ ಬಂತೋ ಕೇಳಿಸಲಿಲ್ಲ. ಫಂತಾಯೆ ಕ್ಯಾಸೆಟ್ಟು ತಿರುಗಿಸಿ ಹಾಕಿದಳು. ನಾಲ್ಕನೆಯ ದಿನ ಅವನು ಏಳಲಿಲ್ಲ. ಗೇಟು ಬಡಿದಾಗ ಓದು ನಿಲ್ಲುತ್ತಿತ್ತು, ಒಂದು ಉಸಿರು ಕಾಯುತ್ತಿತ್ತು, ಮುಂದುವರಿಯುತ್ತಿತ್ತು.

ಕೊನೆಯ ಕ್ಯಾಸೆಟ್ಟಿನ ಕೊನೆಯ ಬದಿ ಅರ್ಧ ಸುತ್ತಿತ್ತು. ಪಗುಮೆ ಐದು ಎಂದಿದ್ದ ಅವನು. ದನಿ ಸ್ವಲ್ಪ ಒಡೆದಿತ್ತು, ನೆಗಡಿಯಾಗಿತ್ತೇನೋ.

"ಗೊತ್ತುಪಡಿಸಿದ ದಿನದಂದು ಕಕ್ಷಿದಾರರು ಹಾಜರಾಗದೆ ಹೋದಲ್ಲಿ," ಎಂದು ಓದುತ್ತಿದ್ದ, "ನ್ಯಾಯಾಲಯವು ಅವರ ಗೈರುಹಾಜರಿಗೆ ಕಾರಣ—"

ಗೇಟು ಬಡಿಯಿತು. ಜೋರಾಗಿ ಒಮ್ಮೆ, ಮೆಲ್ಲಗೆ ಒಮ್ಮೆ.

ಓದು ನಿಂತಿತು. ಕುರ್ಚಿ ಸರಿಯಲಿಲ್ಲ. ಅವನು ಅಲ್ಲೇ ಇದ್ದ. ಕಟ್ಟಿದ ಮೂಗಿನಲ್ಲಿ ಉಸಿರಾಡುವುದು ಕೇಳುತ್ತಿತ್ತು. ಟೇಪಿನ ಚಕ್ರಗಳು ತಿರುಗುತ್ತಿದ್ದವು. ಅವನು ಓದಲಿಲ್ಲ, ಏಳಲೂ ಇಲ್ಲ.

ಫಂತಾಯೆ ಕುರ್ಚಿ ಸದ್ದಾಗದಂತೆ ಎದ್ದಳು. ಬರಿಗಾಲಲ್ಲಿ ಬಾಗಿಲವರೆಗೆ ನಡೆದಳು. ಚಿಲಕವನ್ನು ಎರಡು ಬೆರಳಲ್ಲಿ ಹಿಡಿದು, ಕಬ್ಬಿಣ ಕಬ್ಬಿಣಕ್ಕೆ ತಾಗದಂತೆ ಸರಿಸಿದಳು. ಅಂಗಳದಲ್ಲಿ ನಿನ್ನೆಯ ನೀರು ಇನ್ನೂ ನಿಂತಿತ್ತು. ಹಗ್ಗದ ಮೇಲೆ ಟೈಲರನ ಅಂಗಿಯೊಂದು ತೋಳು ಇಳಿಬಿಟ್ಟು ಒಣಗುತ್ತಿತ್ತು. ಬಿಸಿಲು ಈಗಷ್ಟೇ ಗೇಟಿನ ತಗಡನ್ನು ಮುಟ್ಟಿತ್ತು.

ಅವಳು ಹೊಸ್ತಿಲ ಮೇಲೆ ನಿಂತಳು. ಹಿಂದೆ, ಮೇಜಿನ ಮೇಲೆ, ಅವನು ಆ ವಾಕ್ಯವನ್ನು ಮೊದಲಿನಿಂದ ಓದತೊಡಗಿದ.